ಅಡಿಗೆಮನೆಯ ಗಾಯಗಳು

ಮಹಾನವಮಿಯಂದು ಈಳಿಗೆಮಣೆ, ಮಚ್ಚು, ಕತ್ತರಿಗಳನ್ನು ತೊಳೆದು, ಅರಿಶಿನ ಕುಂಕುಮವಿಟ್ಟು ದೇವರ ಮುಂದೆ ಇರಿಸುವ ಸಂಪ್ರದಾಯವು ನಮ್ಮ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಆ ಒಂದು ದಿನ ಆಯುಧಗಳಿಗೆ ವಿಶ್ರಾಂತಿ. ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳಲ್ಲಿ ಅವೇ ಆಯುಧಗಳಿಂದ ಎಷ್ಟು ಬೆರಳುಗಳು ಸೀಳಿದವು, ಎಷ್ಟು ಮಂದಿ ಹೊಲಿಗೆ ಹಾಕಿಸಿಕೊಂಡರು ಎಂಬ ಲೆಕ್ಕವನ್ನು ಯಾವುದಾದರೂ ಪತ್ರಿಕೆಯಲ್ಲಿ ಓದಿದ ನೆನಪು ವಾಚಕ ಮಹಾಶಯರಿಗೆ ಇದೆಯೇ? ರಸ್ತೆಯ ಅಪಘಾತಗಳ ಸಂಖ್ಯೆ ವರ್ಷಂಪ್ರತಿ ಪ್ರಕಟವಾಗುತ್ತದೆ. ಬೆಂಕಿಯ ಅನಾಹುತಗಳ ಸಂಖ್ಯೆಯೂ ಪ್ರಕಟವಾಗುತ್ತದೆ. ಅಡಿಗೆಮನೆಯಲ್ಲಿ ಸುರಿದ ರಕ್ತವನ್ನು ಮಾತ್ರ ಸೆರಗಿನಲ್ಲಿ ಒರಸಿ, ಸಾರಿಗೆ ಒಗ್ಗರಣೆ ಹಾಕುವ ಕೆಲಸ ಮುಂದುವರಿಯುತ್ತದೆ.

ಎಣಿಕೆಯಿಂದ ಏನಾಗುವುದೆಂದು ಕೇಳುವವರು ಚಾಮರಾಜಪೇಟೆಯ ಮಗ್ಗುಲಲ್ಲೇ ಇರತಕ್ಕ ಮಿಂಟೋ ಕಣ್ಣಾಸ್ಪತ್ರೆಯನ್ನು ನೋಡಲಿ. ಪ್ರತಿ ದೀಪಾವಳಿಯಲ್ಲಿಯೂ ಪಟಾಕಿಯಿಂದ ಕಣ್ಣಿಗೆ ಪೆಟ್ಟುಬಿದ್ದು ಅಲ್ಲಿಗೆ ಬಂದವರೆಷ್ಟು, ಅವರಲ್ಲಿ ಮಕ್ಕಳೆಷ್ಟು, ಸಿಡಿಸಿದವರೆಷ್ಟು, ಸುಮ್ಮನೆ ನಿಂತು ನೋಡುತ್ತಿದ್ದವರೆಷ್ಟು ಎಂಬುದು ಮರುದಿನವೇ ಊರಿಗೆಲ್ಲ ತಿಳಿಯುತ್ತದೆ. ಅದನ್ನು ಓದಿದ ತಂದೆ ಮಗನ ಕೈಯಿಂದ ಪಟಾಕಿಯ ಸರವನ್ನು ಕಿತ್ತುಕೊಳ್ಳುತ್ತಾನೆ. ಉಪಾಧ್ಯಾಯರು ತರಗತಿಯಲ್ಲಿ ಬುದ್ಧಿ ಹೇಳುತ್ತಾರೆ. ಅಧಿಕಾರಿಗಳು ಸುತ್ತೋಲೆ ಹೊರಡಿಸುತ್ತಾರೆ. ಲೆಕ್ಕವಿಲ್ಲದ ಗಾಯವನ್ನು ನಮ್ಮ ಜನರು ಒಂದೋ ಹಣೆಬರಹವೆನ್ನುತ್ತಾರೆ, ಇಲ್ಲವೇ ಹೆಂಗಸಿನ ಅಜಾಗ್ರತೆಯೆನ್ನುತ್ತಾರೆ. ಎರಡೂ ಸುಲಭವಾದ ಉತ್ತರಗಳು. ಏಕೆಂದರೆ ಎರಡರಿಂದಲೂ ಮಿಕ್ಕವರು ಏನನ್ನೂ ಮಾಡಬೇಕಾಗಿ ಬರುವುದಿಲ್ಲ.

ಮನೆಯೊಳಗಿನ ವಿಷಯದಲ್ಲಿ ಸರ್ಕಾರಕ್ಕೇನು ಕೆಲಸವೆಂಬ ಆಕ್ಷೇಪಣೆಯನ್ನು ನಾವು ಒಪ್ಪಲಾರೆವು. ಈ ಬಡಾವಣೆಗಳ ಚರಿತ್ರೆಯೇ ಅದಕ್ಕೆ ಸಮಾಧಾನ ಹೇಳುತ್ತದೆ. 1898ರಲ್ಲಿ ಬೆಂಗಳೂರಿನ ಪೇಟೆಯಲ್ಲಿ ಪ್ಲೇಗು ಹರಡಿದಾಗ ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಮನೆಗಳಿಂದ ಜನರನ್ನು ಬಿಡಿಸಬೇಕೆಂದೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ವೇಗ ಬಂದಿತು. ಅಗಲವಾದ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಓಣಿ ಇವೆಲ್ಲ ಆರೋಗ್ಯದ ದೃಷ್ಟಿಯಿಂದ ಗೆರೆ ಎಳೆದು ಮಾಡಿದವು. ಅದೇ ಕಾಲದಲ್ಲಿ, 1897ರಲ್ಲಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರವಿಟ್ಟರು. 1900ನೆಯ ಡಿಸೆಂಬರಿನಲ್ಲಿ ಅದು ತೆರೆಯಿತು. ಮನೆಯ ಗೋಡೆ ಎಲ್ಲಿರಬೇಕು, ಚರಂಡಿ ಎತ್ತ ಹರಿಯಬೇಕೆಂದು ಅಂದು ವಿಚಾರಮಾಡಿದ ನಗರವು, ಆ ಮನೆಯೊಳಗೆ ಕೈ ಕೊಯ್ದುಕೊಂಡವಳು ಎಲ್ಲಿಗೆ ಹೋಗಬೇಕೆಂದು ಇಂದು ವಿಚಾರಮಾಡುವುದು ಅತಿಕ್ರಮಣವಾಗಲಾರದು.

ಈಗ ಆಯುಧಗಳ ವಿಷಯ. ಪರದೇಶದ ಚಾಕುವಿಗೂ ನಮ್ಮ ಈಳಿಗೆಮಣೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಚಾಕುವಿನಲ್ಲಿ ಅಲಗು ಚಲಿಸುತ್ತದೆ, ಕಾಯಿ ನಿಂತಿರುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿಯೊಡನೆ ಎರಡು ಕೈಗಳೂ ಅದರ ಮೇಲೆ ಹೋಗುತ್ತವೆ. ಹೀಗೆ ಎರಡು ಕೈಗಳ ಹಿಡಿತವಿರುವುದರಿಂದ ಕುಂಬಳಕಾಯಿ, ಬಾಳೆಕಾಯಿಗಳಂತಹವನ್ನು ಹೆಚ್ಚಲು ಅದರಷ್ಟು ಅನುಕೂಲವಾದ ಸಾಧನ ಮತ್ತೊಂದಿಲ್ಲ. ಅದನ್ನು ಹಳೆಯದೆಂದು ಹಳಿಯುವವರ ಪಂಕ್ತಿಗೆ ನಾವು ಸೇರಿದವರಲ್ಲ. ಆದರೆ ಅದು ನೆಲದ ಮೇಲೆ ಕುಳಿತು, ಮಣೆಯನ್ನು ಕಾಲಿನಿಂದ ಒತ್ತಿಹಿಡಿದು ಬಳಸತಕ್ಕ ಸಾಧನ. ಅಡಿಗೆಯು ನೆಲದಿಂದ ಕಟ್ಟೆಯ ಮೇಲಕ್ಕೆ ಏರಿದ ಮೇಲೆ ಈಳಿಗೆಯೂ ಕಟ್ಟೆಯನ್ನು ಏರಿತು. ಅಲ್ಲಿ ಅದನ್ನು ಒತ್ತಿಹಿಡಿಯುವ ಕಾಲಿಲ್ಲ. ನುಣುಪಾದ ಕಲ್ಲಿನ ಮೇಲೆ ಮಣೆ ಜಾರುತ್ತದೆ, ಜಾರಿದ್ದನ್ನು ಹಿಡಿಯಲು ಕೈ ತಾನಾಗಿ ಮುಂದೆ ಹೋಗುತ್ತದೆ. ನಮ್ಮ ಅಜ್ಜಿಯರು ಕೆಲಸ ಮುಗಿದ ಕೂಡಲೇ ಈಳಿಗೆಯನ್ನು ಅಡ್ಡಲಾಗಿ ಮಲಗಿಸಿ ಅಲಗನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು, ಎದ್ದುನಿಂತ ಈಳಿಗೆಯನ್ನು ದಾಟುವುದು ಅಶುಭವೆಂದು ಮಕ್ಕಳನ್ನು ಗದರಿಸುತ್ತಿದ್ದರು. ಆ ಶಕುನದಲ್ಲಿ ವಿವೇಕವಿತ್ತು. ಈಗ ಶಕುನವೂ ಹೋಗಿದೆ, ಅದರೊಡನೆ ಅಭ್ಯಾಸವೂ ಹೋಗಿದೆ.

ತೆಂಗಿನಕಾಯಿಯ ಕಥೆ ಇನ್ನೂ ಹೆಚ್ಚು ಅಪಾಯಕರವಾದುದು. ಅಂಗೈಯಲ್ಲಿ ಕಾಯಿಯನ್ನು ಹಿಡಿದು ಮಚ್ಚಿನ ಬೆನ್ನಿನಿಂದ ಹೊಡೆದರೆ ಒಡೆಯತಕ್ಕದ್ದನ್ನು ಅವಸರದಲ್ಲಿ ಅದರ ಬಾಯಿಯಿಂದಲೇ ಹೊಡೆಯುವವರಿದ್ದಾರೆ. ಹೋಳಾದ ಮೇಲೆ ಚಿಪ್ಪಿನಿಂದ ಕಾಯಿಯನ್ನು ಚಾಕುವಿನ ಮೊನೆಯಿಂದ ಎಬ್ಬಿಸುವಾಗ ಮೊನೆಯು ನೇರವಾಗಿ ಅಂಗೈಗೇ ಗುರಿಯಾಗಿರುತ್ತದೆ. ಅದು ತಪ್ಪಿದರೆ ಹೊರಗೆ ಕಾಣುವ ಗಾಯ ಚಿಕ್ಕದು, ಒಳಗಿನ ಗಾಯ ಆಳವಾದುದು. ಮಿಕ್ಸಿಯ ಜಾರಿನ ತಳದ ಅಲಗು ತೊಳೆಯುವವರ ಬೆರಳನ್ನು ಕಾಯುತ್ತಿರುತ್ತದೆ. ಮೊಂಡಾದ ಕತ್ತಿಯಿಂದ ಭಯವಿಲ್ಲವೆಂದು ತಿಳಿದವರು ಬಹಳ ಮಂದಿ. ವಾಸ್ತವದಲ್ಲಿ ಮೊಂಡು ಕತ್ತಿಯೇ ಹೆಚ್ಚು ಕೆಡುಕು. ಅದಕ್ಕೆ ಬಲ ಬೇಕು, ಬಲ ಹಾಕಿದ ಅಲಗು ಜಾರಿದರೆ ಎಲ್ಲಿ ನಿಲ್ಲುವುದೆಂದು ಹೇಳಬರುವುದಿಲ್ಲ. ಸೈಕಲ್ಲಿನ ಮೇಲೆ ಸಾಣೆಯ ಚಕ್ರವನ್ನು ಹೊತ್ತು ಬೀದಿಬೀದಿ ಕೂಗುತ್ತ ಬರುವವನಿಗೆ ಗೃಹಸ್ಥರು ಕೊಡುವ ಕೂಲಿಯು ವೈದ್ಯರಿಗೆ ಕೊಡತಕ್ಕ ಹಣಕ್ಕಿಂತ ಬಹಳ ಕಡಿಮೆಯೆಂಬುದನ್ನು ಇಲ್ಲಿ ಸೂಚಿಸಬಹುದು.

ಗಾಯವಾದ ಮೇಲೆ ನಡೆಯುವುದನ್ನು ನೋಡಿದರೆ ನಮ್ಮ ವಿದ್ಯಾವಂತ ಸಮಾಜದ ಅಜ್ಞಾನ ಬಯಲಿಗೆ ಬರುತ್ತದೆ. ಒಬ್ಬರು ಅರಿಶಿನ ತುಂಬುತ್ತಾರೆ, ಇನ್ನೊಬ್ಬರು ಸಕ್ಕರೆ. ಬೆಂಗಳೂರಿನ ಮನೆಗಳಲ್ಲಂತೂ ಕಾಫಿಪುಡಿಗೆ ಅಗ್ರಸ್ಥಾನ. ಇವುಗಳಿಂದ ರಕ್ತ ನಿಂತಂತೆ ಕಂಡರೂ ಗಾಯದೊಳಗೆ ಕೊಳೆ ಸೇರುತ್ತದೆ, ಹೊಲಿಗೆಗೆ ಮುಂಚೆ ಅದನ್ನೆಲ್ಲ ಉಜ್ಜಿ ತೆಗೆಯುವಾಗ ರೋಗಿ ಎರಡನೆಯ ಸಲ ಅಳಬೇಕಾಗುತ್ತದೆ. ಮಾಡಬೇಕಾದುದು ಸರಳ. ಸಣ್ಣ ಗಾಯವನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು. ರಕ್ತ ಹೆಚ್ಚಾಗಿದ್ದರೆ ಒಗೆದ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಬೇಕು. ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನಿಂತಿತೇ ಎಂದು ನೋಡುವ ಕುತೂಹಲವನ್ನು ಬಿಡಬೇಕು. ಬೆರಳ ಬುಡಕ್ಕೆ ದಾರ ಬಿಗಿಯಬಾರದು. ಉಂಗುರವಿದ್ದರೆ ಬಾವು ಬರುವುದಕ್ಕೆ ಮುಂಚೆಯೇ ತೆಗೆಯಬೇಕು. ಬೆರಳಿನ ತುಂಡೇ ಬೇರೆಯಾಗಿದ್ದರೆ ಅದನ್ನು ಒದ್ದೆಮಾಡಿ ಹಿಂಡಿದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ನೀರು ಸೇರದಂತೆ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ರೋಗಿಯೊಡನೆಯೇ ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ತಾಗಿದರೆ ತುಂಡು ಕೆಡುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ರಕ್ತ ನಿಂತಿತು, ಆದುದರಿಂದ ಆಸ್ಪತ್ರೆ ಬೇಡವೆಂಬ ತೀರ್ಮಾನವು ಅನೇಕರ ಬಲಗೈಯನ್ನು ಜೀವಮಾನಪರ್ಯಂತ ಊನಮಾಡಿದೆ. ಬೆರಳುಗಳನ್ನು ಮಡಿಸತಕ್ಕ ಸ್ನಾಯುರಜ್ಜುಗಳೂ ಸ್ಪರ್ಶಜ್ಞಾನದ ನರಗಳೂ ಅಂಗೈಯಲ್ಲಿ ಚರ್ಮದ ಕೆಳಗೆ ಅತಿ ಸಮೀಪದಲ್ಲಿವೆ. ಒಂದು ಅಂಗುಲದ ಸೀಳಿನಲ್ಲಿ ಅವು ತುಂಡಾಗಬಹುದು. ಆದಕಾರಣ ಗಾಯವಾದವರ ಬೆರಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿಸಿ ನೋಡಬೇಕು. ಒಂದು ಬೆರಳು ಮಡಿಯದಿದ್ದರೆ, ತುದಿಯಲ್ಲಿ ಜೋಮು ಹಿಡಿದಂತಿದ್ದರೆ, ಗಾಯ ಎಷ್ಟೇ ಸಣ್ಣದಾಗಿರಲಿ ಅಂದೇ ಶಸ್ತ್ರವೈದ್ಯರಿಗೆ ತೋರಿಸತಕ್ಕದ್ದು. ಕೆಲವು ದಿನಗಳೊಳಗೆ ಜೋಡಿಸಿದ ರಜ್ಜು ಕೂಡಿಕೊಳ್ಳುವ ಸಂಭವ ಹೆಚ್ಚು. ವಾರಗಳು ಕಳೆದರೆ ತುಂಡಾದ ತುದಿಯು ಒಳಕ್ಕೆ ಸರಿದು, ನೇರವಾಗಿ ಹೊಲಿಯುವುದೇ ಕಷ್ಟವಾಗುತ್ತದೆ.

ಧನುರ್ವಾಯುವಿನ ಬಗ್ಗೆಯೂ ಎರಡು ಮಾತು. ಅದು ತುಕ್ಕಿನಿಂದ ಬರುವುದೆಂಬ ನಂಬಿಕೆ ಸರಿಯಲ್ಲ. ಅದರ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತವೆ, ಗಾಳಿಯಾಡದ ಆಳವಾದ ಗಾಯದಲ್ಲಿ ವೃದ್ಧಿಯಾಗುತ್ತವೆ. ಗರ್ಭಿಣಿಯರಿಗೆ ತಪ್ಪದೆ ಲಸಿಕೆ ಹಾಕಿದ್ದರಿಂದಲೂ ಹೆರಿಗೆಯಲ್ಲಿ ಶುಚಿತ್ವ ಹೆಚ್ಚಿದ್ದರಿಂದಲೂ 2015ರಲ್ಲಿ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತಕ್ಕೆ ಮಾನ್ಯತೆ ಕೊಟ್ಟಿತು. ಇದು ಹೆಮ್ಮೆಯ ವಿಷಯ. ಆದರೆ ಗಂಡಸರ ಪಾಡೇನು? ನಮ್ಮ ಲಸಿಕೆಯ ಪಟ್ಟಿಯಲ್ಲಿ ಹದಿನಾರನೆಯ ವಯಸ್ಸಿನ ನಂತರ ಅವರಿಗೆ ನಿಗದಿಯಾದ ಸೂಜಿಯಿಲ್ಲ. ಶುದ್ಧವಾದ ಸಣ್ಣ ಗಾಯವಾದರೆ ಹಿಂದಿನ ಸೂಜಿಗೆ ಹತ್ತು ವರ್ಷ, ಕೊಳೆಯಾದ ಅಥವಾ ಆಳವಾದ ಗಾಯವಾದರೆ ಐದು ವರ್ಷ ಮೀರಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕೆಂಬುದು ವೈದ್ಯರ ನಿಯಮ. ಭಾನುವಾರ ಹಲಸಿನಹಣ್ಣು ಬಿಡಿಸಲು ಮಚ್ಚು ಹಿಡಿಯುವ ಕಚೇರಿಯ ಅಧಿಕಾರಿಗಳು ತಮ್ಮ ಕೊನೆಯ ಸೂಜಿ ಯಾವ ಇಸವಿಯದೆಂದು ಒಮ್ಮೆ ಜ್ಞಾಪಿಸಿಕೊಳ್ಳಲಿ.

ಇನ್ನು ಹೋಗುವುದು ಎಲ್ಲಿಗೆ? ನಾವು ಆಡಳಿತ ವರ್ಗದ ಗಮನವನ್ನು ವಿಶೇಷವಾಗಿ ಸೆಳೆಯಬಯಸುವುದು ಇಲ್ಲಿಯೇ. ವಿಕ್ಟೋರಿಯಾದಲ್ಲಿ ಹಗಲಿರುಳೂ ತುರ್ತುಚಿಕಿತ್ಸೆ ಉಂಟು, ಮಲ್ಲೇಶ್ವರದಲ್ಲಿ ಕೆ. ಸಿ. ಜನರಲ್ ಆಸ್ಪತ್ರೆ ಇದೆ. ಆದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ತಲೆಯೊಡೆದವನೂ ಹೃದ್ರೋಗಿಯೂ ಮುಂದೆ ಹೋಗತಕ್ಕದ್ದು ನ್ಯಾಯವೇ. ನಾಲ್ಕು ಹೊಲಿಗೆಗಾಗಿ ಬಂದವಳು ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಹಿಡಿದು ಬೆಂಚಿನ ಮೇಲೆ ಕುಳಿತಿರಬೇಕಾಗುತ್ತದೆ. ಈ ಭಾರವನ್ನು ಇಳಿಸಬೇಕಾದುದು ವಾರ್ಡಿನ ಚಿಕಿತ್ಸಾಲಯ. 2023ರಲ್ಲಿ ಬೆಂಗಳೂರಿನಲ್ಲಿ ನೂರಕ್ಕೂ ಮಿಕ್ಕ ನಮ್ಮ ಕ್ಲಿನಿಕ್‌ಗಳನ್ನು ತೆರೆದುದು ಸ್ತುತ್ಯವಾದ ಕಾರ್ಯ. ಆದರೆ ಆಗ ನಿಗದಿಯಾದ ವೇಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಇದು ಗುಮಾಸ್ತರ ವೇಳೆ. ಅಡಿಗೆಮನೆಯ ವೇಳೆ ಬೇರೆ. ಶಾಲೆಯ ಬುತ್ತಿ ಕಟ್ಟುವ ಬೆಳಗಿನ ಆರರಿಂದ ಒಂಬತ್ತರವರೆಗೆ, ರಾತ್ರಿಯ ಅಡಿಗೆಯಾಗುವ ಆರರಿಂದ ಒಂಬತ್ತರವರೆಗೆ ಈಳಿಗೆಯೂ ಚಾಕುವೂ ಕೆಲಸಮಾಡುತ್ತವೆ. ಚಿಕಿತ್ಸಾಲಯದ ಬಾಗಿಲು ತೆರೆಯುವ ಹೊತ್ತಿಗೆ ಗಾಯಕ್ಕೆ ಕಾಫಿಪುಡಿ ಬಿದ್ದು ಆಗಿರುತ್ತದೆ.

ರಸ್ತೆಯ ಗಾಯಾಳುವಿಗೆ ಸರ್ಕಾರಗಳು ತೋರಿದ ದಯೆಯನ್ನು ನಾವು ಹಳಿಯುವುದಿಲ್ಲ. 2008ರಿಂದ 108ರ ಆಂಬ್ಯುಲೆನ್ಸ್ ಓಡುತ್ತಿದೆ. 2016ರಲ್ಲಿ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ ಹುಟ್ಟಿತು. 2025ರಲ್ಲಿ ಕೇಂದ್ರವು ರಸ್ತೆ ಅಪಘಾತದವರಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಹಣ ಕೇಳದೆ ಒದಗಿಸುವ ಕ್ರಮ ತಂದಿತು. ಇವೆಲ್ಲ ಬೇಕಾದವುಗಳೇ. ಮನೆಯಲ್ಲಿ ಗಾಯಗೊಂಡವರಿಗೂ ಕಾನೂನಿನ ಆಶ್ರಯವಿಲ್ಲವೆಂದಲ್ಲ. ತುರ್ತಿನಲ್ಲಿ ಬಂದ ಗಾಯಾಳುವಿಗೆ ಕೂಡಲೇ ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರ ಮೊಕದ್ದಮೆಯಲ್ಲಿ 1989ರಲ್ಲಿಯೇ ವಿಧಿಸಿದೆ. ಆದರೆ ಒಳರೋಗಿಯಾಗಿ ಸೇರಿದವರಿಗೆ ಮಾತ್ರ ಸಲ್ಲುವ ವಿಮೆಗಳಿಂದ, ಹೊಲಿಗೆ ಹಾಕಿಸಿಕೊಂಡು ಅಂದೇ ಮನೆಗೆ ಮರಳುವವಳಿಗೆ ಕಾಸಿನ ಪ್ರಯೋಜನವಿಲ್ಲ.

ಅವಳು ಯಾರು ಎಂಬುದನ್ನೂ ವಿಚಾರಿಸಬೇಕು. ನಮ್ಮ ಬಡಾವಣೆಗಳಲ್ಲಿ ತರಕಾರಿ ಹೆಚ್ಚುವ ಕೈ ಅನೇಕ ವೇಳೆ ಮನೆಯೊಡತಿಯದಲ್ಲ, ನಾಲ್ಕು ಮನೆಗಳ ಕೆಲಸ ಹಿಡಿದ ಹೆಂಗಸಿನದು. ಎರಡನೆಯ ಮನೆಯಲ್ಲಿ ಕೈ ಕೊಯ್ದರೆ ಮೂರನೆಯ, ನಾಲ್ಕನೆಯ ಮನೆಯವರು ಕಾಯುವುದಿಲ್ಲ. ಹೊಲಿಗೆ ಒದ್ದೆಯಾಗಬಾರದೆಂದು ವೈದ್ಯರು ಹೇಳಿ ಕಳಿಸಿದರೆ ಪಾತ್ರೆ ತೊಳೆಯುವವಳ ಜೀವನವೇ ನೀರಿನಲ್ಲಿರುವಾಗ ಅವಳು ಏನು ಮಾಡಬೇಕು? 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಮಾಡಿದ ಕೀರ್ತಿ ಕರ್ನಾಟಕ ಸರ್ಕಾರಕ್ಕೆ ಸಲ್ಲತಕ್ಕದ್ದು. ಆದರೆ ಗಾಯ ಮಾಯುವ ಹತ್ತು ದಿನಗಳ ಸಂಬಳವು ಇಂದಿಗೂ ಯಜಮಾನರ ಮನಸ್ಸಿನ ಮೇಲೆ ನಿಂತಿದೆ. ತಮ್ಮ ಮನೆಯ ಅಲಗಿನಿಂದಾದ ಗಾಯಕ್ಕೆ ಔಷಧದ ಖರ್ಚನ್ನೂ ಆ ದಿನಗಳ ಸಂಬಳವನ್ನೂ ಕೊಡುವುದು ದಾನವಲ್ಲ, ಋಣವೆಂದು ನಮ್ಮ ಅಭಿಪ್ರಾಯ.

ಅಪ್ರಿಯವಾದರೂ ಇನ್ನೊಂದು ಮಾತನ್ನು ಬಿಡುವಂತಿಲ್ಲ. ತರಕಾರಿ ಹೆಚ್ಚುವಾಗ ತಗುಲಿತು ಎಂದು ಬರೆಸಿದ ಗಾಯಗಳೆಲ್ಲವೂ ತರಕಾರಿಯಿಂದ ಆದವುಗಳಲ್ಲ. ಮುಂಗೈಯ ಹೊರಭಾಗದ ಗಾಯ, ಒಂದೇ ವರ್ಷದಲ್ಲಿ ಮೂರನೆಯ ಗಾಯ, ಪ್ರಶ್ನೆಗಳಿಗೆಲ್ಲ ತಾನೇ ಉತ್ತರ ಹೇಳುವ ಗಂಡ, ಇವನ್ನು ಕಂಡ ವೈದ್ಯರು ಒಂದು ನಿಮಿಷ ಆಕೆಯನ್ನು ಪ್ರತ್ಯೇಕವಾಗಿ ಮಾತನಾಡಿಸುವುದು ಅವಶ್ಯ.

2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ವಿಭಾಗವಾಯಿತು. ಹೊಸ ಕಚೇರಿಗಳಿಗೆ ಹೊಸ ದಫ್ತರಗಳು ಬೇಕೇ ಬೇಕು. ಅವುಗಳಲ್ಲಿ ಗಾಯದ ಕಾಲಮ್ಮಿನ ಮುಂದೆ ಯಾವ ಆಯುಧ, ಎಷ್ಟು ಗಂಟೆಗೆ, ಯಾರ ಮನೆಯ ಕೆಲಸದಲ್ಲಿ ಎಂಬ ಮೂರು ಕಾಲಮ್ಮುಗಳನ್ನು ಸೇರಿಸಲು ಹೆಚ್ಚಿನ ಹಣ ಬೇಕಿಲ್ಲ. ಪ್ರತಿ ಪಾಲಿಕೆಯೂ ಹತ್ತಿರ ಹತ್ತಿರದ ಕೆಲವು ವಾರ್ಡುಗಳಿಗೆ ಒಂದರಂತೆ ಚಿಕಿತ್ಸಾಲಯವನ್ನು ಗೊತ್ತುಮಾಡಿ, ಬೆಳಿಗ್ಗೆ ಆರಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವಂತೆ ಸರದಿಯ ಮೇಲೆ ಸಿಬ್ಬಂದಿಯನ್ನು ನೇಮಿಸಲಿ. ಅಲ್ಲಿ ಗಾಯ ತೊಳೆಯುವ, ಹೊಲಿಯುವ, ಧನುರ್ವಾಯುವಿನ ಸೂಜಿ ಹಾಕುವ ಏರ್ಪಾಡು ಇರಲಿ. ಬೆರಳು ಮಡಿಯದವರನ್ನು ಚೀಟಿ ಕೊಟ್ಟು ನೇರವಾಗಿ ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರ ಬಳಿಗೆ ಕಳಿಸಲಿ. ಮೊದಲು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಒಂದೊಂದನ್ನು ಒಂದು ವರ್ಷ ನಡೆಸಿ, ಆ ದಫ್ತರದ ಅಂಕಿಗಳನ್ನು ಮುಂದಿನ ಮಹಾನವಮಿಯ ಹೊತ್ತಿಗೆ ಪೌರಜನರ ಮುಂದಿಡಬೇಕೆಂದು ಪಾಲಿಕೆಗಳ ಆಯುಕ್ತರನ್ನು ಕೇಳುತ್ತೇವೆ.