ಒಳಗನ್ನು ತೋರುವ ಭೂಪಟ

“ಗ್ರೀನ್‌ಲೆಂಡು ಭಾರತಕ್ಕಿಂತ ದೊಡ್ಡದೇ, ಸಾರ್?” ಎಂದು ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳ ಮೊಬೈಲಿನ ಭೂಪಟದಲ್ಲಿ ಹಾಗೆಯೇ ಕಾಣುತ್ತಿತ್ತು. ವಾಸ್ತವವಾಗಿ ಭಾರತದ ವಿಸ್ತೀರ್ಣ ಸುಮಾರು 33 ಲಕ್ಷ ಚದರ ಕಿಲೋಮೀಟರು. ಗ್ರೀನ್‌ಲೆಂಡಿನದು ಸುಮಾರು 22 ಲಕ್ಷ. ಹಾಗಾದರೆ ಈ ವ್ಯತ್ಯಾಸವೇಕೆ? ನಾನು ಬಾಯಿಮಾತಿನಲ್ಲಿ ಉತ್ತರಿಸಲಿಲ್ಲ. ಅಂತಹ ಭೂಪಟಗಳನ್ನು ರಚಿಸಲು ನೆರವಾಗುವ ‘ಲೀಫ್‌ಲೆಟ್’ ಎಂಬ ಕೋಡ್ ಲೈಬ್ರರಿಯನ್ನು ತೆರೆದು ತೋರಿಸಿದೆ.

ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಎಂಬವರು 2011ರಲ್ಲಿ ಹೊರತಂದ ಈ ಲೈಬ್ರರಿಯ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಿ ಬಳಸಬಹುದು. ಗೋಳವನ್ನು ಸಮತಲಕ್ಕಿಳಿಸುವ ಸೂತ್ರವು ಅದರಲ್ಲಿ ಕೆಲವೇ ಸಾಲುಗಳಲ್ಲಿದೆ. ಅದರ ಮೂಲ, 1569ರಲ್ಲಿ ಮರ್ಕೇಟರನು ತೋರಿಸಿಕೊಟ್ಟ ವಿಧಾನ. ಅದರಂತೆ 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದಗಲಗಳೆರಡೂ ಇಮ್ಮಡಿಯಾಗಿ, ವಿಸ್ತೀರ್ಣವು ನಾಲ್ಮಡಿಯಾಗಿ ಕಾಣುತ್ತದೆ. ಗ್ರೀನ್‌ಲೆಂಡಿನ ಬಹುಭಾಗವಿರುವುದು ಅದಕ್ಕೂ ಉತ್ತರದಲ್ಲಿ!

ಇನ್ನೊಂದು ಸಂಗತಿಯನ್ನೂ ಅವಳು ಕಂಡುಕೊಂಡಳು. ಭೂಪಟವು ಚೌಕಾಕಾರದ ತುಣುಕುಗಳಾಗಿ ಬರುತ್ತದೆ. ಒಂದೊಂದು ಹಂತ ಹಿಗ್ಗಿಸಿದಾಗಲೂ ತುಣುಕುಗಳ ಸಂಖ್ಯೆ ನಾಲ್ಕರಷ್ಟಾಗುತ್ತದೆ. 18ನೆಯ ಹಂತದಲ್ಲಿ ಇಡೀ ಜಗತ್ತಿಗೆ 6,800 ಕೋಟಿಗೂ ಮಿಕ್ಕ ತುಣುಕುಗಳು. ಲೈಬ್ರರಿಯು ನಮ್ಮ ತೆರೆಗೆ ಬೇಕಾದ ಕೆಲವನ್ನು ಮಾತ್ರ ತರಿಸಿಕೊಳ್ಳುತ್ತದೆ.

ಮುಕ್ತವೆಂದರೆ ಪುಕ್ಕಟೆಯೆಂದಷ್ಟೇ ಬಗೆಯುವುದು ತಪ್ಪು. ಮುಚ್ಚಿದ ಸಾಧನವನ್ನೂ ಪುಕ್ಕಟೆಯಾಗಿ ಕೊಡಬಹುದು. ಆದರೆ ಅದು ‘ಏಕೆ?’ ಎಂಬ ಪ್ರಶ್ನೆಗೆ ಉತ್ತರ ಕೊಡದು. ಕೊಟ್ಟವರು ಮನಸ್ಸು ಬದಲಿಸಿದರೆ ನಮಗೆ ಬೇರೆ ದಾರಿಯೂ ಇರದು. 2020ರ ಡಿಸೆಂಬರಿನಲ್ಲಿ ಮ್ಯಾಪ್‌ಬಾಕ್ಸ್ ಸಂಸ್ಥೆಯು ತನ್ನ ಭೂಪಟ ಲೈಬ್ರರಿಯ 2ನೆಯ ಆವೃತ್ತಿಯನ್ನು ಹೊರತರುವಾಗ ಮುಕ್ತ ಪರವಾನಗಿಯನ್ನು ಕೈಬಿಟ್ಟಿತು. ಹಿಂದಿನ ಆವೃತ್ತಿಯು ಮುಕ್ತವಾಗಿದ್ದುದರಿಂದಲೇ ಇತರರು ಅದನ್ನು ಆಧಾರವಾಗಿಟ್ಟುಕೊಂಡು ‘ಮ್ಯಾಪ್‌ಲಿಬ್ರೆ’ ಎಂಬ ಹೆಸರಿನಲ್ಲಿ ಕೆಲಸವನ್ನು ಮುಂದುವರಿಸಲು ಸಾಧ್ಯವಾಯಿತು.

ಎಲ್ಲರಿಗೂ ಕೋಡ್ ಓದುವಷ್ಟು ಬಿಡುವಿದೆಯೆ ಎಂದು ಕೆಲವರು ಕೇಳಬಹುದು. ಗುರುತ್ವ ವೇಗೋತ್ಕರ್ಷವನ್ನೂ ಎಲ್ಲರೂ ಅಳೆದು ನೋಡುವುದಿಲ್ಲ. ಆದರೆ ಸಂದೇಹಬಂದವರು ಅಳೆದು ನೋಡಬಹುದೆಂಬುದೇ ಭೌತವಿಜ್ಞಾನದ ಬಲ. ಆ ಬಲವು ನಮ್ಮ ದಿನಬಳಕೆಯ ಸಾಧನಗಳಿಗೂ ಇರಬೇಕೆಂಬುದೇ ನನ್ನ ವಾದ.

ಆದರೆ ಹಕ್ಕಿನೊಡನೆ ಹೊಣೆಯೂ ಬರುತ್ತದೆ. ಇಂತಹ ಲೈಬ್ರರಿಗಳು ಹಲವೊಮ್ಮೆ ತೋರಿಸುವುದು, 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ನ ಭೂಪಟವನ್ನು. ಅದನ್ನು ತುಂಬುವವರಲ್ಲಿ ಬಹುಮಂದಿ ಸ್ವಯಂಸೇವಕರು. ನಿಮ್ಮೂರಿನ ಕೆರೆಯು ಅದರಲ್ಲಿ ಇಲ್ಲದಿದ್ದರೆ ದೂರುತ್ತ ಕೂರಬೇಡಿರಿ. ದಂಡೆಯ ಸುತ್ತ ನಡೆದು ನೋಡಿ, ನೀವೇ ಗುರುತಿಸಿರಿ.