ಬೇಸಿಗೆಯ ಬುತ್ತಿ, ವಿದ್ಯಾರ್ಥಿಯ ಆರೋಗ್ಯ

ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲಿಗೆ ಬೀಗ ಬಿದ್ದೊಡನೆ ಮಕ್ಕಳಿಗೆ ರಜೆ ಬಂದಿತೆಂದು ನಾವು ಹಿರಿಯರು ನೆಮ್ಮದಿಯಿಂದಿರುತ್ತೇವೆ. ಆದರೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ನಮ್ಮ ಹಳ್ಳಿಗಳಿಂದ ಹನ್ನೆರಡನೆಯ ಇಯತ್ತೆ ದಾಟಿ ಪೇಟೆ ಸೇರಿದ ಮಕ್ಕಳಿಗೆ ಈ ರಜೆ ಇಲ್ಲ. ಒಂದು ಕೋಣೆಯಲ್ಲಿ ಮೂವರು ನಾಲ್ವರು ಕೂಡಿ, ತಗಡಿನ ಛಾವಣಿಯ ಕೆಳಗೆ ಬೇಯುತ್ತ ಅವರು ಸ್ಪರ್ಧಾ ಪರೀಕ್ಷೆಗಳಿಗೆ ಓದುತ್ತಾರೆ. ಪೊಲೀಸ್ ಭರ್ತಿಯ ಆಸೆಯಿಂದ ಮೈದಾನದಲ್ಲಿ ಓಡುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೊಲ್ಲಾಪುರದ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ವರ್ಷದಲ್ಲಿ ದೇಹ ಅತ್ಯಂತ ಹೆಚ್ಚು ಆರೈಕೆ ಬೇಡುವ ಈ ದಿನಗಳಲ್ಲಿಯೇ ಅವರ ಊಟ ಅತ್ಯಂತ ಅವ್ಯವಸ್ಥಿತವಾಗಿರುತ್ತದೆ.

ಕಳೆದ ವಾರ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಬಂದು, "ಗುರುಗಳೇ, ತಿಂಗಳಾ ಮೂರು ಸಾವಿರ ಕಳಸ್ತೀವ್ರಿ. ಹುಡುಗ ನೋಡಿದ್ರ ಕಡ್ಡಿ ಆಗ್ಯಾನ. ಇನ್ನಾ ಎಷ್ಟು ರೊಕ್ಕ ಕಳಸಬೇಕ್ರಿ?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಇದಕ್ಕೆ ನನ್ನ ಉತ್ತರವಿಷ್ಟು: ಕೊರತೆಯಿರುವುದು ಹಣದಲ್ಲಿ ಅಲ್ಲ, ಕ್ರಮದಲ್ಲಿ. ನಮ್ಮ ಮನೆಯ ಕಣಜದಲ್ಲಿರುವ ಧಾನ್ಯ, ಅಡಕಲು ಗಡಿಗೆಯಲ್ಲಿರುವ ಕಾಳು, ಬೆಳಗಿನ ಎರಡು ತಾಸುಗಳ ತಂಪು, ಇವು ಮೂರನ್ನು ಸರಿಯಾಗಿ ಬಳಸಿದರೆ ಬಡ ವಿದ್ಯಾರ್ಥಿಯೂ ಬೇಸಿಗೆಯನ್ನು ಗಟ್ಟಿಮುಟ್ಟಾಗಿ ದಾಟಬಲ್ಲನು.

ಮೊದಲು ಬುತ್ತಿಯ ಮಾತು. ಎಸ್.ಟಿ. ಬಸ್ಸಿನಲ್ಲಿ ಮಕ್ಕಳಿಗೆ ಬುತ್ತಿ ಕಳಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಈಚೆಗೆ ಹಲವು ಹುಡುಗರು, "ರೊಟ್ಟಿ ಕಳಸಬ್ಯಾಡ್ರಿ, ರೊಕ್ಕ ಕಳಸ್ರಿ" ಎನ್ನುತ್ತಿದ್ದಾರೆಂದು ಕೇಳುತ್ತೇನೆ. ಗೆಳೆಯರೆದುರು ಜೋಳದ ರೊಟ್ಟಿಯ ಗಂಟು ಬಿಚ್ಚಲು ಅವರಿಗೆ ಸಂಕೋಚ. ವಿಚಿತ್ರವೆಂದರೆ ಅದೇ ಸೊಲ್ಲಾಪುರದ ಹೋಟೆಲುಗಳಲ್ಲಿ ಖಡಕ್ ಭಾಕರಿ, ಶೇಂಗಾ ಚಟ್ನಿಗಳನ್ನು ಪರವೂರಿನವರು ಒಳ್ಳೆಯ ಬೆಲೆ ತೆತ್ತು ಉಣ್ಣುತ್ತಾರೆ, ಕಟ್ಟಿಸಿಕೊಂಡೂ ಹೋಗುತ್ತಾರೆ. ನಾವು ರೊಟ್ಟಿಯೆನ್ನುವುದನ್ನೇ ನೆರೆಯ ಮರಾಠಿ ಬಂಧುಗಳು ಭಾಕರಿಯೆನ್ನುತ್ತಾರೆ. ಹೆಸರು ಎರಡು, ಹಿಟ್ಟು ಒಂದೇ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಆ ಪಂಕ್ತಿಯಲ್ಲಿ ಜೋಳವೂ ಇದ್ದಿತು. ಜಗತ್ತು ಮನ್ನಿಸಿದ ಅನ್ನವನ್ನು ಉಣ್ಣಲು ನಮ್ಮ ಮಗನೇಕೆ ನಾಚಬೇಕು?

ಖಡಕ್ ರೊಟ್ಟಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಮಾಡಿದ ಅನ್ನ, ಬೇಳೆ ಸಂಜೆಯ ಹೊತ್ತಿಗೆ ಹಳಸುತ್ತವೆ. ಕೋಣೆಯಲ್ಲಿ ಶೀತಕಪೆಟ್ಟಿಗೆ ಇರುವುದಿಲ್ಲ. ತೇವವಿಲ್ಲದಂತೆ ಕಾಯಿಸಿದ ರೊಟ್ಟಿಯಲ್ಲಿ ಕ್ರಿಮಿ ಬೆಳೆಯಲು ಆಸ್ಪದವಿಲ್ಲ. ಒಣಗಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಉಳಿಯುತ್ತದೆ. ರವಿವಾರ ಬಂದ ಬುತ್ತಿ ಮುಂದಿನ ರವಿವಾರದವರೆಗೆ ಸಾಲುತ್ತದೆ. ಒಲೆಯ ಖರ್ಚಿಲ್ಲ, ಹೊತ್ತಿನ ಖರ್ಚಿಲ್ಲ.

ಇನ್ನು ಲೆಕ್ಕ. ದೇಹ ಕಟ್ಟಲು ಬೇಕಾದ ಪ್ರೋಟೀನು ದಿನವೊಂದಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ. 65 ಕಿಲೋ ತೂಕದ ತರುಣನಿಗೆ ಐವತ್ತನಾಲ್ಕು ಗ್ರಾಂ ಎಂದಿಟ್ಟುಕೊಳ್ಳೋಣ. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗಳಲ್ಲಿ ಸುಮಾರು 30 ಗ್ರಾಂ, ಐವತ್ತು ಗ್ರಾಂ ಮಡಕಿ ಕಾಳಿನಲ್ಲಿ 10 ಗ್ರಾಂ, ನಲವತ್ತು ಗ್ರಾಂ ಶೇಂಗಾದಲ್ಲಿ 9 ಗ್ರಾಂ, ಒಂದು ಲೋಟ ಹಾಲಿನ ಮೊಸರಿನಲ್ಲಿ 6 ಗ್ರಾಂ ದೊರೆಯುತ್ತದೆ. ಕೂಡಿಸಿ ನೋಡಿರಿ, ಐವತ್ತೈದಾಯಿತು! ಸಾವಿರಾರು ರೂಪಾಯಿ ತೆತ್ತು ಡಬ್ಬಿಯ ಪುಡಿ ಕೊಳ್ಳುವ ಹುಡುಗರು ಈ ಕೂಡಿಸುವ ಲೆಕ್ಕವನ್ನೊಮ್ಮೆ ಮಾಡಬೇಕು. ಮೈದಾನದಲ್ಲಿ ಓಡುವವನಿಗೆ ಶಕ್ತಿಯೂ ಹೆಚ್ಚು ಬೇಕು. ಅವನು ಇದರ ಮೇಲೆ ಇನ್ನೆರಡು ಮೂರು ರೊಟ್ಟಿ, ಒಂದು ಬೆಲ್ಲದ ಹೆಂಟೆ, ಎರಡು ಬಾಳೆಹಣ್ಣು ತಿನ್ನಲಿ. ಮನೆಯ ಜೋಳವಿದ್ದರೆ ಉಳಿದುದಕ್ಕೆಲ್ಲ ದಿನಕ್ಕೆ ಐವತ್ತು ಅರವತ್ತು ರೂಪಾಯಿ ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಜೋಳ ಒಳ್ಳೆಯದೆಂದ ಮಾತ್ರಕ್ಕೆ ಜೋಳವೊಂದೇ ಸಾಲದು. ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಗಿರುವ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಅವರೂ ಅವರ ಸಹೋದ್ಯೋಗಿಗಳೂ 1960ರ ಸುಮಾರಿಗೆ, ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ದಖ್ಖಣದ ಬಡಜನರಲ್ಲಿ ಕಾಣುತ್ತಿದ್ದ ಪೆಲ್ಲಾಗ್ರ ಎಂಬ ರೋಗವನ್ನು ಅಭ್ಯಸಿಸಿದರು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಯ ಮಂಕು, ಇವು ಅದರ ಲಕ್ಷಣಗಳು. ನಿಯಾಸಿನ್ ಎಂಬ ಜೀವಸತ್ತ್ವದ ಕೊರತೆಯೇ ಅದರ ಮೂಲ. ಶೇಂಗಾದಲ್ಲಿ ಈ ಸತ್ತ್ವ ಧಾರಾಳವಾಗಿದೆ. ಜೋಳದ ಪ್ರೋಟೀನಿನಲ್ಲಿ ಕಡಿಮೆಯಿರುವ ಅಂಶವನ್ನು ಕಾಳುಗಳು ತುಂಬಿಕೊಡುತ್ತವೆ. ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮೇಲೆ ಮಜ್ಜಿಗೆ ಎಂಬ ನಮ್ಮ ಅಜ್ಜಿಯರ ಊಟದ ಕ್ರಮ ಬರಿಯ ರುಚಿಗಾಗಿ ಬಂದುದಲ್ಲ. ರೊಟ್ಟಿಯನ್ನು ಬರಿಯ ಖಾರದ ಪುಡಿಯೊಡನೆ ನುಂಗಿ ಎದ್ದು ಹೋಗುವ ವಿದ್ಯಾರ್ಥಿ ಆ ಕ್ರಮದ ಅರ್ಧವನ್ನಷ್ಟೇ ಪಾಲಿಸಿದಂತಾಯಿತು.

ಮಡಕಿ ಅಥವಾ ಹೆಸರುಕಾಳನ್ನು ಸಂಜೆ ನೆನೆಯಿಟ್ಟು, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಬೇಸಿಗೆಯಲ್ಲಿ ಮರುದಿನಕ್ಕೆ ಮೊಳಕೆಯೊಡೆಯುತ್ತದೆ. ತುಸು ಬೇಯಿಸಿ, ಉಳ್ಳಾಗಡ್ಡಿ, ಸವತೆಕಾಯಿ ಹೆಚ್ಚಿ ಹಾಕಿ ಲಿಂಬೆ ಹಿಂಡಬೇಕು. ಲಿಂಬೆಯ ಹುಳಿ ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಮೆಂತ್ಯ, ರಾಜಗಿರಿ, ಪುಂಡಿ, ಈ ಸೊಪ್ಪುಗಳಲ್ಲಿ ಯಾವುದು ಅಗ್ಗವೋ ಅದು ವಾರದಲ್ಲಿ ಮೂರು ದಿನವಾದರೂ ಇರಲಿ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಅದೇ ಕಬ್ಬಿಣಕ್ಕೆ ಅಡ್ಡಿ ಮಾಡುತ್ತದೆ. ಒಂದು ತಾಸು ತಡೆದು ಕುಡಿಯುವುದು ಲೇಸು.

ಬೇಸಿಗೆಯಲ್ಲಿ ಅನ್ನಕ್ಕಿಂತ ಮೊದಲಿನದು ನೀರು. ಓಡುವಾಗ ತಾಸಿಗೆ ಒಂದು ಲೀಟರಿನಷ್ಟು ಬೆವರು ಹೋಗುವುದುಂಟು. ಬೆವರೆಂದರೆ ನೀರು ಮಾತ್ರವಲ್ಲ, ಉಪ್ಪೂ ಹೌದು. ಆದುದರಿಂದ ಮಜ್ಜಿಗೆಗೆ ಚಿಟಿಕೆ ಉಪ್ಪು, ಜೀರಿಗೆ. ಬೇಯಿಸಿದ ಮಾವಿನಕಾಯಿಯ ಪಾನಕಕ್ಕೆ ಬೆಲ್ಲದೊಡನೆ ಉಪ್ಪು. ಜೋಳದ ಅಂಬಲಿಗೆ ಉಪ್ಪು, ಮಜ್ಜಿಗೆ, ಹೀಗೆ ನಮ್ಮ ಬೇಸಿಗೆಯ ಪೇಯಗಳೆಲ್ಲ ಎರಡನ್ನೂ ಒದಗಿಸುತ್ತವೆ. ಇಪ್ಪತ್ತು ರೂಪಾಯಿಯ ತಂಪು ಪಾನೀಯದ ಕಾಲು ಲೀಟರಿನಲ್ಲಿ ಇರುವುದು ಸುಮಾರು ಐದಾರು ಚಮಚ ಸಕ್ಕರೆ. ಅದೇ ಹಣಕ್ಕೆ ನೂರು ಗ್ರಾಂ ಶೇಂಗಾ ಬರುತ್ತದೆ. ಮೂತ್ರದ ಬಣ್ಣ ತಿಳಿಹುಲ್ಲಿನಂತಿದ್ದರೆ ನೀರು ಸಾಕಷ್ಟಾಗಿದೆ, ಗಾಢ ಹಳದಿಯಾದರೆ ಸಾಲದಾಗಿದೆ ಎಂದು ತಿಳಿಯತಕ್ಕದ್ದು. ಬೀದಿಯ ಬರ್ಫದ ಗೋಲಾ, ತೆರೆದಿಟ್ಟ ಹೆಚ್ಚಿದ ಹಣ್ಣು, ಇವುಗಳಿಂದ ದೂರವಿರುವುದು ಒಳಿತು. ಆ ಬರ್ಫ ಯಾವ ನೀರಿನದೆಂದು ಬಲ್ಲವರಾರು?

ವಾಂತಿ ಭೇದಿಯಾದಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಮೇಲಿಂದ ಮೇಲೆ ಕುಡಿಸಬೇಕು. 1971ರಲ್ಲಿ ಬಂಗಾಲದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ ಮಹಲನಬಿಸ್ ಅವರು ಇಂತಹ ಸಕ್ಕರೆ ಉಪ್ಪಿನ ನೀರಿನಿಂದಲೇ ಅಸಂಖ್ಯ ಜೀವಗಳನ್ನುಳಿಸಿದರು. ಅಳತೆ ಮಾತ್ರ ತಪ್ಪಬಾರದು. ಉಪ್ಪು ಹೆಚ್ಚಾದರೆ ಅಪಾಯ.

ಈಗ ವ್ಯಾಯಾಮ. ಹದಿನೇಳರ ವರೆಗಿನ ಮಕ್ಕಳಿಗೆ ದಿನಕ್ಕೆ ಅರವತ್ತು ನಿಮಿಷ, ಅದಕ್ಕೆ ಮೇಲ್ಪಟ್ಟವರಿಗೆ ವಾರಕ್ಕೆ ಕನಿಷ್ಠ ನೂರೈವತ್ತು ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದಕ್ಕೆ ಹಣ ತೆತ್ತು ಸೇರುವ ವ್ಯಾಯಾಮಶಾಲೆಯೇ ಆಗಬೇಕೆಂದಿಲ್ಲ. ಊರಿನ ಗರಡಿಮನೆಯ ದಂಡ ಬೈಠಕು, ಸೂರ್ಯನಮಸ್ಕಾರ, ಖೋಖೋ, ಕಬಡ್ಡಿ, ಸೈಕಲ್ಲು, ಇವೆಲ್ಲವೂ ಆದೀತು. ಸೊಲ್ಲಾಪುರದಲ್ಲಿರುವವರಿಗೆ ಸಿದ್ಧರಾಮನ ಹೆಸರಿನ ಕೆರೆಯ ಬಳಿ ನಸುಕಿನಲ್ಲಿ ವೇಗವಾಗಿ ನಡೆಯುವುದಕ್ಕಿಂತ ಸುಲಭವಾದ ವ್ಯಾಯಾಮ ಬೇರೆಯಿಲ್ಲ. ರಜೆಯಲ್ಲಿ ಹೊಲದ ಕೆಲಸಕ್ಕೆ ಹೋಗುವ ಹುಡುಗನಿಗಂತೂ ಪ್ರತ್ಯೇಕ ವ್ಯಾಯಾಮ ಬೇಡ, ವಿಶ್ರಾಂತಿ ಬೇಕು.

ವೇಳೆಯೇ ಇಲ್ಲಿ ಮುಖ್ಯ. ಸೂರ್ಯೋದಯಕ್ಕೆ ಮೊದಲೇ ಆರಂಭಿಸಿ ಏಳೂವರೆಯೊಳಗೆ ಮುಗಿಸಬೇಕು; ಇಲ್ಲವೆ ಹೊತ್ತು ಮುಳುಗಿದ ಮೇಲೆ ತೊಡಗಬೇಕು. ತಣ್ಣನೆಯ ಕೋಣೆಯಲ್ಲಿ ಓದುತ್ತ ಕುಳಿತವನು ಒಮ್ಮೆಲೆ ಬಿಸಿಲಿಗಿಳಿದು ಓಡಲಾಗದು. ದೇಹ ಬಿಸಿಗೆ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಮೊದಲ ದಿನ ಹತ್ತು ನಿಮಿಷ, ಮರುದಿನ ತುಸು ಹೆಚ್ಚು, ಹೀಗೆ ಏರಿಸುತ್ತ ಹೋಗಬೇಕು.

ಪೊಲೀಸ್ ಭರ್ತಿಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟವಿದೆ. ಓಟದ ದಿನ ಹಗುರಾಗಬೇಕೆಂದು ಹಿಂದಿನ ರಾತ್ರಿ ಉಪವಾಸವಿದ್ದು, ನೀರನ್ನೂ ಬಿಟ್ಟು ಮೈದಾನಕ್ಕೆ ಹೋಗುವ ಹುಡುಗರಿದ್ದಾರೆ. ಯಾರೋ ಕೊಟ್ಟ ಗುಳಿಗೆ ನುಂಗುವವರೂ ಉಂಟು. 2024ರ ಆಗಸ್ಟಿನಲ್ಲಿ ಝಾರ್ಖಂಡದ ಅಬಕಾರಿ ಪೇದೆಗಳ ನೇಮಕದಲ್ಲಿ ಹತ್ತು ಕಿಲೋಮೀಟರ್ ಓಟದ ಪರೀಕ್ಷೆ ನಡೆದಾಗ ಹತ್ತಕ್ಕೂ ಹೆಚ್ಚು ತರುಣರು ಪ್ರಾಣ ಕಳೆದುಕೊಂಡರು. ಕಾರಣಗಳು ಏನೇ ಇರಲಿ, ನೌಕರಿಗಾಗಿ ಹೋದ ಮಗ ಮನೆಗೆ ಮರಳದಂತಾದ ದುಃಖ ನಮ್ಮ ಯಾವ ಮನೆಗೂ ಬಾರದಿರಲಿ. ಹಿಂದಿನ ರಾತ್ರಿ ಹೊಟ್ಟೆ ತುಂಬ ಊಟ, ಬೆಳಿಗ್ಗೆ ಓಟಕ್ಕೆ ಒಂದು ಒಂದೂವರೆ ತಾಸು ಮೊದಲು ಬಾಳೆಹಣ್ಣು, ಗುಟುಕು ಗುಟುಕಾಗಿ ನೀರು, ಇದೇ ಸರಿಯಾದ ಕ್ರಮ.

ಓಡುವಾಗ ತಲೆಸುತ್ತು, ಓಕರಿಕೆ, ಕಾಲಿನ ಸೆಳೆತ ಕಂಡರೆ ಅಲ್ಲಿಯೇ ನಿಲ್ಲಬೇಕು. ನಿಂತವನು ಹೇಡಿಯಲ್ಲ. ಮೈ ಕೆಂಡವಾಗಿ, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಉಷ್ಣಾಘಾತ. ಕೂಡಲೇ ನೆರಳಿಗೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಬೇಕು. 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಲೇಬಾರದು. ವಾಹನ ಬರುವವರೆಗೂ ಮೈ ತಂಪು ಮಾಡುತ್ತಲೇ ಇರುವುದು ಮುಖ್ಯ.

ತಾಯಂದಿರಲ್ಲಿ ಒಂದು ವಿಶೇಷ ವಿನಂತಿ. ಮಗನ ಬುತ್ತಿಯ ಚಿಂತೆ ಮಾಡುವ ನಾವು ಮನೆಯಲ್ಲಿಯೇ ಇರುವ ಮಗಳ ತಟ್ಟೆಯತ್ತ ನೋಡುವುದೇ ಇಲ್ಲ. ರಜೆ ಬಂತೆಂದರೆ ಅವಳ ಪಾಲಿಗೆ ನಡುಹಗಲಿನ ಒಲೆ, ನೀರಿನ ಕೊಡ, ತಮ್ಮಂದಿರ ಆರೈಕೆ. ಎಲ್ಲರೂ ಉಂಡ ಮೇಲೆ ಅವಳ ಊಟ; ಆ ಹೊತ್ತಿಗೆ ಕಾಳಿನ ಪಲ್ಯ ತಳಕಂಡಿರುತ್ತದೆ. ಬೆಳೆಯುವ ಹೆಣ್ಣುಮಕ್ಕಳಿಗೆ ಕಬ್ಬಿಣದ ಅವಶ್ಯಕತೆ ಹೆಚ್ಚೆಂಬುದನ್ನು ಎಲ್ಲ ವೈದ್ಯರೂ ಹೇಳುತ್ತಾರೆ. ಅವಳ ಪಾಲಿನ ಕಾಳು, ಸೊಪ್ಪು, ಮಜ್ಜಿಗೆಗಳನ್ನು ಮೊದಲೇ ತೆಗೆದಿಡಿರಿ. ಸಂಜೆ ಒಂದು ತಾಸು ಅವಳನ್ನೂ ಖೋಖೋ ಆಡಲು ಬಿಡಿರಿ. ನಾಳೆ ಎಂಟುನೂರು ಮೀಟರ್ ಓಡಬೇಕಾದವಳು ಅವಳೂ ಇರಬಹುದು.

ಶಿಕ್ಷಕ ಬಂಧುಗಳು ರಜೆಯಲ್ಲಿಯೂ ಬೆಳಗಿನ ಹೊತ್ತು ಶಾಲೆಯ ಮೈದಾನದ ಗೇಟು ತೆರೆದಿಡುವ ವ್ಯವಸ್ಥೆ ಮಾಡಿದರೆ, ಒಂದು ಗಡಿಗೆ ತಣ್ಣೀರು ಇರಿಸಿದರೆ, ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಿದ್ಯಾರ್ಥಿಗಳಾದರೋ ಈ ತಿಂಗಳು ಮೂರು ಕೆಲಸಗಳನ್ನು ಹಿಡಿದು ನೋಡಲಿ: ರೊಟ್ಟಿಯ ಜೊತೆಗೆ ದಿನವೂ ಕಾಳು ಮತ್ತು ಶೇಂಗಾ, ಬಾಯಾರುವ ಮೊದಲೇ ನೀರು, ಬಿಸಿಲೇರುವ ಮೊದಲೇ ವ್ಯಾಯಾಮ. ಮಿರುಗ ಮಳೆ ಬರುವ ಹೊತ್ತಿಗೆ ಮೈಯಲ್ಲಿ ಕಸುವೂ ಕಿಸೆಯಲ್ಲಿ ನಾಲ್ಕು ಕಾಸೂ ಉಳಿದಿರುವುದನ್ನು ಅವರೇ ಕಂಡುಕೊಳ್ಳುವರು. ಎಲ್ಲ ಮಕ್ಕಳಿಗೂ ಈ ಬೇಸಿಗೆ ಆರೋಗ್ಯಕರವಾಗಿ ಕಳೆಯಲೆಂದು ಹಾರೈಸುತ್ತೇನೆ.