ಕಾವೇರಿ ಸೇತುವೆಗೆ ಮೀತ್‌ನ ಹೆಸರು

ಟ್ರಿಮ್‌ಗೆ ಹೋದರೆ ನೀವೂ ಕೋಟೆ ನೋಡಿ, ಐಸ್‌ಕ್ರೀಮ್ ತಿಂದು ವಾಪಸ್ ಬರುತ್ತೀರಿ, ಅಲ್ವಾ? ಮುಂದಿನ ಸಲ ಬಾಯ್ನ್ ನದಿಯ ಕಲ್ಲಿನ ಸೇತುವೆ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. 14ನೇ ಶತಮಾನದ್ದು, ನಾಲ್ಕೇ ಕಮಾನು, ಇವತ್ತಿಗೂ ಅದರ ಮೇಲೆ ಕಾರುಗಳು ಓಡಾಡುತ್ತವೆ.

ಅದೇ ಊರಿನಲ್ಲಿ ಎತ್ತರದ ಕಂಬದ ಮೇಲೆ ಆರ್ಥರ್ ವೆಲ್ಲೆಸ್ಲಿಯ ಪ್ರತಿಮೆ ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ಇವನ ಕೈಯಲ್ಲೇ ಇತ್ತು. ಅಣ್ಣ ರಿಚರ್ಡ್ ಆಗ ಗವರ್ನರ್ ಜನರಲ್. ಟ್ರಿಮ್ ಹತ್ತಿರದ ಡಾಂಗನ್ ಇವರ ಮನೆತನದ ಜಾಗ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ಸೇತುವೆಗೆ ಆ ಅಣ್ಣನ ಹೆಸರೇ ಇಟ್ಟರು. ಅಲ್ಲಿ ಕಮಾನಿಲ್ಲ, ಕಲ್ಲುಕಂಬಗಳ ಮೇಲೆ ಕಲ್ಲಿನದೇ ತೊಲೆಗಳು. ಅಜ್ಜನ ಜೊತೆ ಅಲ್ಲಿಗೆ ಹೋದಾಗ ವೆಲ್ಲೆಸ್ಲಿ ಅನ್ನೋ ಹೆಸರು ಕೇಳಿದ್ದೆ. ಪೂರ್ಣಯ್ಯ ಯಾರು ಅಂತ ಗೊತ್ತಿರಲಿಲ್ಲ!

ನಮ್ಮ ಕನ್ನಡ ಶಾಲೆಯ ಮುಂದಿನ ಪ್ರವಾಸ ಟ್ರಿಮ್‌ಗೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. "ನಮ್ಮನ್ನು ಆಳಿದವರ ಕಂಬ ನೋಡೋಕೆ ಯಾಕೆ ಹೋಗಬೇಕು?" ಅಂತ ಅಪ್ಪ ಕೇಳಿದರು. ಮೀತ್‌ನ ಒಂದು ಮನೆತನದ ಹೆಸರು ಕಾವೇರಿವರೆಗೆ ಹೇಗೆ ಹೋಯಿತು ಅಂತ ಪುಟ್ಟ ಮಕ್ಕಳಿಗೂ ತಿಳಿಯಲಿ ಅಂತ, ಅಪ್ಪಾ. ಮನೆಯಲ್ಲಂತೂ ನಾನು ಅದನ್ನು ಪೂರ್ಣಯ್ಯನ ಸೇತುವೆ ಅಂತಲೇ ಕರೆಯುತ್ತಿದ್ದೇನೆ. ನೀವು ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.